ಸೊನ್ನೆಯಿಂದ ಹತ್ತರವರೆಗೆ

ಮಂಗಳೂರು
೪ ಆಗಸ್ಟ್ ೨೦೨೪

ದೊಡ್ಡಮ್ಮನಿಗೆ ಸ್ವಪ್ನಾಳ ನಮಸ್ಕಾರ.

ಫೋನಿರುವಾಗ ಇದೆಂಥ ಕಾಗದ ಎಂದು ನೀನು ಸೊಸೆ ಕವನಾಳಿಗೆ ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಹೊಳೆಕೊಪ್ಪದಲ್ಲಿ ಫೋನು ಸಿಗಬೇಕಾದರೆ ಬೇಲಿಯ ದಣಪೆ ದಾಟಿ ದರೆಯ ದಿಬ್ಬ ಹತ್ತಿ ನಿಲ್ಲಬೇಕು. ನಿನ್ನ ಹಿಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. 'ಹೆಂಗಿದೀಯ?' ಎಂದರೆ 'ಆರಾಮ'. 'ಊಟ ಆಯ್ತಾ?' ಎಂದರೆ 'ಆಯ್ತು'. ಆಮೇಲೆ ಪಕ್ಕದ ಮನೆಯ ದುಗ್ಗಪ್ಪನ ಕೆಮ್ಮು. ಐದು ವಾರದಲ್ಲಿ ನಾವು ಮಾತಾಡಿದ್ದು ಇಷ್ಟೇ. ಏಳನೇ ಕ್ಲಾಸಿಗೆ ಬಿಟ್ಟವಳಾದರೂ ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಬರೆ.

ಹೊರಡುವ ದಿನ ನಿನ್ನ ಕಾಲು ಮುಟ್ಟಿ ಎದ್ದು ತಬ್ಬಿಕೊಳ್ಳಲು ಬಂದೆ. ನೀನು ಹಿಂದೆ ಸರಿದೆ. ಬಸ್ಸಿನಲ್ಲಿ ಕುಂದಾಪುರ ಬರುವವರೆಗೂ ಅದನ್ನೇ ಯೋಚಿಸಿದೆ. ಸಾಗರದ ಕೆಲಸ ಬಿಟ್ಟು ಮತ್ತೆ ಓದಲು ಹೊರಟದ್ದು ನಿನಗೆ ಇಷ್ಟವಿರಲಿಲ್ಲ ಎಂದು ತೋರುತ್ತದೆ. ನೀನು ಕಾರಣ ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಸಾಗರದ ಆಸ್ಪತ್ರೆಯಲ್ಲಿ ಮೂರು ವರ್ಷ ನಾನು ಅರಿವಳಿಕೆ ಕೊಟ್ಟೆ. ನನ್ನ ರೋಗಿಗಳು ಮಲಗುತ್ತಿದ್ದರು, ಎಚ್ಚರವಾಗುವ ಹೊತ್ತಿಗೆ ನಾನು ಮುಂದಿನವರ ಹತ್ತಿರ ಇರುತ್ತಿದ್ದೆ. ಯಾರ ಮುಖವೂ ನೆನಪಿಲ್ಲ. ಒಬ್ಬನದು ಬಿಟ್ಟು. ಕವಲೇದುರ್ಗದ ಕೆಳಗಿನ ಊರಿನ ಕೆರಿಯಪ್ಪ. ಸಕ್ಕರೆ ಕಾಯಿಲೆಯಿಂದ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕು ತಿಂಗಳಾದ ಮೇಲೆ ಎರಡು ಬಸ್ಸು ಬದಲಿಸಿ, ಊರುಗೋಲಿನಲ್ಲಿ ಬಂದು, ನನ್ನ ಬಾಗಿಲಿಗೆ ನಿಂತ. "ಮೇಡಮ್ಮೋರೇ, ಕಾಲು ಹೋಗಿದೆ, ಹೆಬ್ಬೆರಳು ಮಾತ್ರ ಉರಿತದೆ. ಆವತ್ತು ಮಲಗ್ಸಿದ್ರಲ್ಲ, ಹಂಗೇ ಇನ್ನೊಂದ್ ಸಲ ಮಲಗ್ಸಿ. ಒಂದು ಗಂಟೆ ಸಾಕು."

ಪಕ್ಕದಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಹನ್ನೊಂದು ವರ್ಷ ಓದಿದವಳು ಅವನಿಗೆ ಒಂದು ಲೋಟ ನೀರು ಕೊಟ್ಟು ಕಳಿಸಿದೆ. ಆ ವಾರವೇ ಈ ಕೋರ್ಸಿಗೆ ಅರ್ಜಿ ಹಾಕಿದೆ. ಒಂದು ವರ್ಷದ್ದು. ನೋವಿಗೇ ಚಿಕಿತ್ಸೆ ಮಾಡುವುದನ್ನು ಕಲಿಸುತ್ತಾರೆ.

ಇಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: 'ಸೊನ್ನೆಯಿಂದ ಹತ್ತರವರೆಗೆ, ಇವತ್ತು ನಿಮ್ಮ ನೋವು ಎಷ್ಟು?' ಸೊನ್ನೆ ಎಂದರೆ ಇಲ್ಲ. ಹತ್ತು ಎಂದರೆ ತಡೆಯಲಾಗದ್ದು. ಅವರು ಹೇಳಿದ ಅಂಕಿಯನ್ನು ನಾವು ನಂಬಬೇಕು, ವಾದ ಮಾಡುವ ಹಾಗಿಲ್ಲ.

ನಿನ್ನ
ಸ್ವಪ್ನಾ


ಹೊಳೆಕೊಪ್ಪ, ಹೊಸನಗರ ತಾಲ್ಲೂಕು
೧೮ ಆಗಸ್ಟ್ ೨೦೨೪

ಮಗಳು ಸ್ವಪ್ನಾಳಿಗೆ ಕನ್ನಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ನಾವೆಲ್ಲ ಆರಾಮ. ಶಿವು ಹೊಸನಗರದಲ್ಲಿ ಜೆರಾಕ್ಸ್ ಅಂಗಡಿಗೆ ಹೊಸ ಮಿಷನ್ ಹಾಕಿದ್ದಾನೆ. ಕವನಾ ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆ.

ನನಗೆ ಕೋಪವಿಲ್ಲ. ಹೊರಡುವವರನ್ನು ತಬ್ಬಿಕೊಂಡರೆ ಬಸ್ಸು ತಪ್ಪುತ್ತದೆ, ಅದಕ್ಕೆ ಸರಿದೆ.

ನೋವಿಗೆ ಮಾರ್ಕ್ಸು ಕೊಡುವುದು ಕೇಳಿ ನಗು ಬಂತು. ಶಾಲೆಯಲ್ಲಿ ಲೆಕ್ಕಕ್ಕೇ ನನಗೆ ಮಾರ್ಕ್ಸು ಬರಲಿಲ್ಲ. ದುಗ್ಗಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. "ಅಲ್ಲಾ ಕನ್ನಮ್ಮ, ನಿದ್ದೆ ಬರ್ಸೋ ಡಾಕ್ಟ್ರು ಆದ್ಲು, ಸರಿ. ನೋವಿಗೂ ಒಬ್ರು ಬೇಕಾ? ನನ್ ಹೆಂಡ್ತಿ ಇದ್ದಾಗ ಬಂದಿದ್ರೆ ಅವಳು ಕೊಡೋದು, ಇವಳು ತೆಗೆಯೋದು, ಇಬ್ರಿಗೂ ಕೆಲ್ಸ ಇರ್ತಿತ್ತು" ಎಂದ. ಹೆಂಡತಿ ಹೋಗಿ ಆರು ವರ್ಷವಾದರೂ ಅವನಿಗೆ ಅವಳದೇ ಮಾತು.

ಹೋದ ವಾರ ನಗರ ಹೋಬಳಿಯ ಕಡೆಯಿಂದ ಒಬ್ಬ ಹೆಂಗಸು ಸರ್ಪಸುತ್ತು ಬರೆಸಿಕೊಳ್ಳಲು ಬಂದಿದ್ದಳು. ಬುಧವಾರ ಬಂದವಳಿಗೆ ಭಾನುವಾರದ ತನಕ ಕಾಯಲು ಹೇಳಿದೆ. ಇವತ್ತು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೆರೆ ಬರೆದು ಕಳಿಸಿದೆ. ಇನ್ನೆರಡು ಭಾನುವಾರ ಬರಬೇಕು. ನಿನಗೆ ಇದು ಸೇರುವುದಿಲ್ಲ ಎಂದು ಗೊತ್ತು. ನನ್ನ ಅತ್ತೆ ಕೊಟ್ಟ ಕೈ, ಬಂದವರನ್ನು ವಾಪಸ್ ಕಳಿಸಲಾಗುವುದಿಲ್ಲ.

ಈ ವರ್ಷ ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕವನಾಳೇ ಚಿತ್ತಾರ ಬರೆಯಲಿ ಎಂದಿದ್ದೇನೆ. ಕಲಿಯಬೇಕಲ್ಲ. ಸೆಕೆ ಬಹಳ. ಮನೆಯಲ್ಲಿ ರವಿಕೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೇನೆ, ಸೆರಗು ಸಾಕು.

ಮೀನು ತಿನ್ನು. ಅಲ್ಲಿ ಚೆನ್ನಾಗಿರುತ್ತದೆ.

ಇಂತಿ
ಕನ್ನಮ್ಮ


ಮಂಗಳೂರು
೨೯ ಆಗಸ್ಟ್ ೨೦೨೪

ಕವನಾ,

ಇದನ್ನು ನಿನ್ನ ಗಂಡನ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ದೊಡ್ಡಮ್ಮ ಸೆಕೆ ಎಂದು ಬರೆದಿದ್ದಾಳೆ. ಆಗಸ್ಟಿನಲ್ಲಿ ನಮ್ಮೂರಿನಲ್ಲಿ ಹಾಸಿಗೆಯೂ ಒದ್ದೆ ಇರುತ್ತದೆ, ಸೆಕೆ ಎಲ್ಲಿಂದ ಬಂತು? ಚಿತ್ತಾರವನ್ನೂ ನಿನಗೆ ಬಿಟ್ಟಿದ್ದಾಳಂತೆ. ಸ್ನಾನಕ್ಕೆ ನೀರು ಹೊಯ್ಯುವ ನೆಪದಲ್ಲಿ ಅವಳ ಬೆನ್ನು ನೋಡು. ನೋಡಿದ್ದನ್ನು ಹಾಗೆಯೇ ಬರೆ.

ಸ್ವಪ್ನಾ


ಹೊಸನಗರ
೮ ಸೆಪ್ಟೆಂಬರ್ ೨೦೨೪

ಸ್ವಪ್ನಕ್ಕನಿಗೆ ಕವನಾಳ ನಮಸ್ಕಾರಗಳು.

ನೀರು ಹೊಯ್ಯಲು ಅತ್ತೆ ಬಿಡಲಿಲ್ಲ. ಬಚ್ಚಲ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ನಿಮಗೆ ಗೊತ್ತು. ಅಲ್ಲಿಂದ ನೋಡಿದೆ. ಬಲಗಡೆ ಬೆನ್ನಿನ ನಡುವಿನಿಂದ ಕಂಕುಳ ಕೆಳಗೆ ಬಳಸಿ ಮುಂದಕ್ಕೆ ಒಂದು ಪಟ್ಟಿ ಇದೆ. ಗುಳ್ಳೆ ಇಲ್ಲ. ಕಂದು ಕಲೆಗಳು. ಆ ಕಡೆಗೆ ನೀರು ಹಾಕಿಕೊಳ್ಳುವುದೇ ಇಲ್ಲ, ಬಟ್ಟೆ ಅದ್ದಿ ಪಕ್ಕದಲ್ಲಿ ಮಾತ್ರ ಒರೆಸಿಕೊಳ್ಳುತ್ತಾರೆ.

ನಾನು ಕೇಳಿಯೇಬಿಟ್ಟೆ. "ಸುಮ್ನಿರೇ. ಬರೆಯೋಳಿಗೇ ಬಂತು ಅಂತ ಊರಲ್ಲಿ ಡಂಗುರ ಹೊಡೀಬೇಕಾ? ಸ್ವಪ್ನಂಗೆ ಹೇಳಿದ್ರೆ ನನ್ ಮೇಲಾಣೆ" ಎಂದರು. ಹೇಳುವುದಿಲ್ಲ ಎಂದೆ. ಬರೆಯುವುದಿಲ್ಲ ಎಂದು ಆಣೆ ಇಟ್ಟಿಲ್ಲ.

ಯಾವಾಗ ಎದ್ದಿದ್ದು ಎಂದು ಹೇಳುತ್ತಿಲ್ಲ. ಎರಡು ತಿಂಗಳ ಮೇಲಾಗಿರಬೇಕು ಸ್ವಪ್ನಕ್ಕ. ಈಗ ಕೂತುಕೊಂಡೇ ನಿದ್ದೆ ಮಾಡುತ್ತಾರೆ.

ಕವನಾ


ಮಂಗಳೂರು
೧೧ ಸೆಪ್ಟೆಂಬರ್ ೨೦೨೪

ದೊಡ್ಡಮ್ಮ,

ಕವನಾಳನ್ನು ಬೈಯಬೇಡ. ನಿನ್ನ ಸೆಕೆಯೇ ನಿನ್ನನ್ನು ಹಿಡಿದುಕೊಟ್ಟಿತು.

ಸರ್ಪಸುತ್ತಿಗೆ ಮಾತ್ರೆ ಇದೆ. ಗುಳ್ಳೆ ಎದ್ದು ಮೂರು ದಿನದೊಳಗೆ ಶುರು ಮಾಡಬೇಕು. ಎಪ್ಪತ್ತೆರಡು ಗಂಟೆ. ಅದು ದಾಟಿದರೆ ನಿನ್ನ ವಯಸ್ಸಿನವರಲ್ಲಿ ಗುಳ್ಳೆ ಒಣಗಿದ ಮೇಲೂ ನರ ಉರಿಯುತ್ತಲೇ ಇರುವ ಸಂಭವ ಹೆಚ್ಚು. ಇದನ್ನು ನಾನು ನಿನಗೆ ಹೇಳಿಲ್ಲವೇ? ನಾಲ್ಕು ಸಲ ಹೇಳಿದ್ದೇನೆ. ನೀನು ಬುಧವಾರ ಬಂದವಳನ್ನು ಭಾನುವಾರದ ತನಕ ಕಾಯಿಸಿದೆ, ಅದನ್ನು ನನಗೇ ಬರೆದು ತಿಳಿಸಿದೆ. ನಿನ್ನ ಜಗಲಿಯಿಂದ ಎದ್ದು ಹೋದ ಎಷ್ಟು ಜನ ಇವತ್ತಿಗೂ ಅಂಗಿ ತಾಗಿದರೆ ಬೆಚ್ಚುತ್ತಿದ್ದಾರೋ, ನಲವತ್ತು ವರ್ಷದಲ್ಲಿ ಒಮ್ಮೆಯಾದರೂ ವಿಚಾರಿಸಿದ್ದೀಯಾ?

ಹೊಸನಗರದ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಶನಿವಾರ ಶಿವು ಕರೆದುಕೊಂಡು ಹೋಗುತ್ತಾನೆ. ಅವರು ಕೊಟ್ಟ ಮಾತ್ರೆ ನುಂಗು. ಗುಳ್ಳೆ ಎದ್ದ ತಾರೀಖು ನನಗೆ ಬೇಕು.

ಸ್ವಪ್ನಾ


ಮಂಗಳೂರು
೨೦ ಅಕ್ಟೋಬರ್ ೨೦೨೪

ದೊಡ್ಡಮ್ಮ,

ಐದು ವಾರವಾಯಿತು. ಮಾತ್ರೆ ನುಂಗುತ್ತಿದ್ದೀಯ, ಕಾಗದ ಓದಿ ಮಡಿಸಿ ದೇವರ ಫೋಟೋದ ಹಿಂದೆ ಇಟ್ಟಿದ್ದೀಯ ಎಂದು ಶಿವು ಹೇಳಿದ. ದರೆ ಹತ್ತಿ ಬರುತ್ತಿಲ್ಲ ಎಂದೂ ಹೇಳಿದ.

ಭೂಮಿ ಹುಣ್ಣಿಮೆ ಕಳೆಯಿತು. ಕವನಾ ಬುಟ್ಟಿಯ ಫೋಟೋ ಕಳಿಸಿದ್ದಳು. ಗೆರೆ ಸ್ವಲ್ಪ ಸೊಟ್ಟ. ಅದನ್ನು ನೀನು ತಿದ್ದದೆ ಬಿಟ್ಟಿದ್ದೀಯ ಎಂದ ಮೇಲೆ ನಿನಗೆ ಎಷ್ಟು ನೋವಿದೆ ಎಂದು ಗೊತ್ತಾಯಿತು.

ನಾನು ಬರೆದ ಮಾತಿನಲ್ಲಿ ತಪ್ಪಿಲ್ಲ. ಬರೆದ ರೀತಿಯಲ್ಲಿ ಇದೆ. ಇಲ್ಲಿ ನಮಗೆ ಪಾಠ ಹೇಳುವ ಡಾಕ್ಟರ್ ರಾಘವೇಂದ್ರ ಅವರು ರೋಗಿ ಬಂದ ಮೊದಲ ಹತ್ತು ನಿಮಿಷ ಡಾಕ್ಟರು ಬಾಯಿ ತೆರೆಯಬಾರದು ಎನ್ನುತ್ತಾರೆ. ನಿನ್ನ ವಿಷಯದಲ್ಲಿ ನಾನು ಒಂದು ನಿಮಿಷವೂ ಕೇಳಿಸಿಕೊಳ್ಳಲಿಲ್ಲ. ಮೊದಲ ಸಾಲಿನಿಂದಲೇ ಬೈದೆ.

ಹೋದ ವಾರ ಕಲಿತದ್ದನ್ನು ಹೇಳುತ್ತೇನೆ. ಸರ್ಪಸುತ್ತು ಹೋದ ಮೇಲೆ ನೋವು ಉಳಿದವರ ಚರ್ಮವನ್ನು ಮೆತ್ತನೆಯ ಕುಂಚದಿಂದ ಸವರಿ ನೋಡುತ್ತೇವೆ. ಚೆನ್ನಾಗಿರುವ ಕಡೆಯಿಂದ ಶುರು ಮಾಡಿ ನಿಧಾನವಾಗಿ ಒಳಗೆ ಬರಬೇಕು. ಬೇರೆಯವರಿಗೆ ಕಚಗುಳಿ ಆಗುವ ಕುಂಚ ಅವರಿಗೆ ಕೆಂಡ ಎಳೆದ ಹಾಗೆ ಆಗುತ್ತದೆ. ಎಲ್ಲಿಂದ ಹಾಗೆ ಆಗುತ್ತದೋ ಅಲ್ಲಿ ಗುರುತು ಹಾಕುತ್ತೇವೆ. ನನ್ನ ಕೈಯಲ್ಲಿ ಕುಂಚ ನೋಡಿ ರಾಘವೇಂದ್ರ ಅವರು, ಮೊದಲು ಎಲ್ಲಾದರೂ ಕಲಿತಿದ್ದಿರಾ ಎಂದು ಕೇಳಿದರು. ಮನೆಯಲ್ಲಿ ನೋಡಿದ್ದೆ ಎಂದೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಮನುಷ್ಯನ ಆಕಾರ, ಮುಂದಿನದು ಒಂದು, ಹಿಂದಿನದು ಒಂದು. ನಮ್ಮಲ್ಲಿ ಬರುವವರಿಗೆಲ್ಲ ಕೊಡುತ್ತೇವೆ. ಎಲ್ಲಿ ನೋಯುತ್ತದೋ ಅಲ್ಲಿ ತುಂಬು. ಕೆಳಗೆ ಅಂಕಿ ಬರೆಯಲು ಜಾಗವಿದೆ. ಮಾತು ಬೇಡವಾದರೆ ಇದನ್ನಾದರೂ ಕಳಿಸು.

ನಿನ್ನ
ಸ್ವಪ್ನಾ


ಹೊಳೆಕೊಪ್ಪ
೧೭ ನವೆಂಬರ್ ೨೦೨೪

ಮಗಳು ಸ್ವಪ್ನಾಳಿಗೆ ಆಶೀರ್ವಾದ.

ಈ ಕಾಗದವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಮಾತ್ರೆ ನುಂಗಿದರೆ ತೂಕಡಿಕೆ.

ಅದು ಎದ್ದದ್ದು ಜೂನ್ ಇಪ್ಪತ್ತೊಂಬತ್ತು, ಶನಿವಾರ. ನೀನು ಹೊರಟದ್ದು ಸೋಮವಾರ ಬೆಳಿಗ್ಗೆ. ನೀನು ಒಳಗೆ ಬ್ಯಾಗು ತುಂಬುತ್ತಿದ್ದೆ, ನಾನು ಬಚ್ಚಲಿನಲ್ಲಿ ನೋಡಿಕೊಂಡೆ. ಸಣ್ಣ ಸಣ್ಣ ನಾಲ್ಕು ಗುಳ್ಳೆ. ನಲವತ್ತು ವರ್ಷ ಬೇರೆಯವರ ಮೈಮೇಲೆ ಕಂಡವಳಿಗೆ ಗುರುತು ಸಿಗುವುದಿಲ್ಲವೇ. ಮೂರು ದಿನದ ಮಾತು ಮರೆತಿರಲಿಲ್ಲ. ಹೇಳಿದರೆ ನೀನು ಹೊರಡುತ್ತಿರಲಿಲ್ಲ. ಸೀಟು ಹೋಗುತ್ತಿತ್ತು.

ಇದು ಒಂದು ಕಾರಣ. ಇನ್ನೊಂದನ್ನು ಹೇಳಲು ನಾಚಿಕೆ. ಬರೆಯುವ ಕೈಗೆ ಸರ್ಪ ಸುತ್ತುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ನಾನು ನಂಬಿದ್ದೆ. ನನಗೇ ಬಂತು ಎಂದರೆ ಬಂದವರೆಲ್ಲ ಏನು ತಿಳಿದುಕೊಳ್ಳುತ್ತಾರೆ? ಮತ್ತೆ, ಬರೆಯುವವಳಿಗೆ ಬರೆಯುವವರು ಯಾರು? ಈ ಸುತ್ತಿನಲ್ಲಿ ಯಾರೂ ಇಲ್ಲ.

ನೀನು ತಬ್ಬಿಕೊಳ್ಳಲು ಬಂದಾಗ ಸರಿದದ್ದು ಅದಕ್ಕೆ. ಬಸ್ಸಿನ ಮಾತು ಸುಳ್ಳು.

ಒಮ್ಮೆಯಾದರೂ ವಿಚಾರಿಸಿದ್ದೀಯಾ ಎಂದು ನೀನು ಬರೆದಿದ್ದೆ. ಸಿಟ್ಟು ಬಂತು. ಆಮೇಲೆ ಕುಂಚದ ವಿಷಯ ಬರೆದ ಕಾಗದ ಬಂತು. ಅದನ್ನು ಓದಿದ ದಿನ ಊಟ ಸೇರಲಿಲ್ಲ. ನಾಲ್ಕು ವರ್ಷದ ಹಿಂದೆ ದುಗ್ಗಪ್ಪನ ಪಕ್ಕೆಗೆ ನಾನೇ ಬರೆದಿದ್ದೆ. ಮೂರನೇ ಭಾನುವಾರ ಕುಂಚ ತಾಗಿಸಿದ ಕೂಡಲೇ ಅವನು ಕೂಗಿ ಎದ್ದುಬಿಟ್ಟ. "ಪುಂಡಿ ನಾರು ತಾಗಿದ್ದಕ್ಕೆ ಇಷ್ಟ್ ನಾಟ್ಕನಾ? ಗಂಡ್ಸು ಅಲ್ವಾ ನೀನು?" ಎಂದು ಎಲ್ಲರೆದುರು ಬೈದಿದ್ದೆ. ಜನ ನಕ್ಕರು. ಅವನೂ ನಕ್ಕ.

ಈಗ ನನಗೆ ರವಿಕೆಯ ಹೊಲಿಗೆ ತಾಗಿದರೂ ಜೀವ ಹೋಗುತ್ತದೆ.

ಮರುದಿನ ಅವನ ಮನೆಗೆ ಹೋದೆ. "ದುಗ್ಗಪ್ಪ, ಆವತ್ತು ನಿಂಗೆ ನಿಜ್ವಾಗ್ಲೂ ನೋವಾಗಿತ್ತಾ?" ಎಂದು ಕೇಳಿದೆ.

"ಎಂತ ಮಾರಾಯ್ತಿ, ಆವತ್ತಿಂದು ಕೇಳ್ತೀಯಲ್ಲ. ಈಗ್ಲೂ ಆಗ್ತದೆ. ನಾನು ಬನೀನು ಯಾಕ್ ಹಾಕಲ್ಲ ಅಂತ ನೀನು ಅಂದ್ಕೊಂಡಿದ್ದೆ? ಶೋಕಿಗಾ?"

"ಮತ್ಯಾಕ್ ಹೇಳ್ಲಿಲ್ಲ?"

"ನೀನು ಬೈತೀಯಲ್ಲ!"

ನನ್ನದನ್ನೂ ಅವನಿಗೆ ಹೇಳಿದೆ. "ಹಂಗಾರೆ ಇನ್ಮೇಲೆ ಇಬ್ರೂ ಕೂಡಿ ಕೂಗಾಣ" ಎಂದ. ನಿನ್ನ ಸೊನ್ನೆ ಹತ್ತರ ಲೆಕ್ಕ ಹೇಳಿದರೆ ತನಗೆ ಹನ್ನೆರಡು ಎಂದ. ಹತ್ತರ ಮೇಲಿಲ್ಲ ಎಂದರೂ ಕೇಳಲಿಲ್ಲ.

ಬರೆಯುವುದನ್ನು ನಾನು ಬಿಡುವುದಿಲ್ಲ ಸ್ವಪ್ನಾ. ಯಾಕೆಂದು ಕೇಳಿಸಿಕೊ. ಗುಳ್ಳೆ ಎದ್ದವರು ಮೊದಲು ಬರುವುದು ನನ್ನ ಜಗಲಿಗೆ. ನಾನು ಬಿಟ್ಟೆ ಎಂದರೆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತಾರೆ, ಅವರೂ ಭಾನುವಾರದ ತನಕ ಕಾಯಿ ಎನ್ನುತ್ತಾರೆ. ಅದಕ್ಕೇ ನನ್ನ ಕ್ರಮ ಬದಲಾಯಿಸಿದ್ದೇನೆ. ಬಂದ ಕೂಡಲೇ ಯಾವತ್ತು ಎದ್ದಿದ್ದು, ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಚೀಟಿಯಲ್ಲಿ ಬರೆದು ಕೊಟ್ಟು ಹೊಸನಗರದ ಬಸ್ಸು ಹತ್ತಿಸುತ್ತೇನೆ. ಮಾತ್ರೆಯ ಹಾಳೆ ತಂದು ತೋರಿಸಬೇಕು, ಒಂದು ಗುಳಿಗೆ ಖಾಲಿಯಾಗಿರಬೇಕು. ಆಮೇಲೆ ಯಾವ ವಾರವಾದರೂ ಬರೆಯುತ್ತೇನೆ. ಗುಳ್ಳೆಯ ಮೇಲೆ ಕುಂಚ ಇಡುವುದಿಲ್ಲ, ದೂರದಿಂದ ಸುತ್ತ ಒಂದು ಗೆರೆ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು. ಇಷ್ಟರಲ್ಲಿ ಇಬ್ಬರನ್ನು ಕಳಿಸಿದೆ. ಒಬ್ಬ ತಿರುಗಿ ಬರಲೇ ಇಲ್ಲ. ಮಾತ್ರೆಯಲ್ಲೇ ಗುಣವಾಯಿತಂತೆ, ದುಗ್ಗಪ್ಪ ಹೇಳಿದ. ಸ್ವಲ್ಪ ಬೇಜಾರಾಯಿತು.

ನೀನು ಕಳಿಸಿದ ಹಾಳೆಯ ಮನುಷ್ಯನಿಗೆ ಮುಖವಿಲ್ಲ. ಗಂಡೋ ಹೆಣ್ಣೋ ತಿಳಿಯುವುದಿಲ್ಲ. ತುರುಬು ಹಾಕಿ ಕುಂಕುಮ ಇಟ್ಟೆ, ಆಮೇಲೆ ನಾನು ಅನ್ನಿಸಿತು. ಕೆಮ್ಮಣ್ಣು ಕಲಸಿ ತುಂಬಿದ್ದೇನೆ. ದಟ್ಟ ಇರುವಲ್ಲಿ ಉರಿ, ತೆಳು ಇರುವಲ್ಲಿ ಜುಮುಜುಮು. ನಡುವೆ ಒಂದು ಕಡೆ ಬಿಳಿ ಬಿಟ್ಟಿದ್ದೇನೆ, ಅಲ್ಲಿ ಏನೂ ಗೊತ್ತಾಗುವುದೇ ಇಲ್ಲ, ಮರದ ಹಾಗೆ.

ಅಂಕಿ ಹಾಕಿಲ್ಲ. ಅದು ನನ್ನಿಂದ ಆಗದು.

ಇಂತಿ
ಕನ್ನಮ್ಮ


ಮಂಗಳೂರು
೫ ಜನವರಿ ೨೦೨೫

ದೊಡ್ಡಮ್ಮ,

ಊರಿನಿಂದ ಬಂದು ತಲುಪಿದೆ. ನೀನು ಕಟ್ಟಿಕೊಟ್ಟ ಅಕ್ಕಿ ರೊಟ್ಟಿಯನ್ನು ಹಾಸ್ಟೆಲಿನವರು ಒಂದೇ ಸಂಜೆಯಲ್ಲಿ ಮುಗಿಸಿದರು.

ಅಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ. ಜಗಲಿಯಲ್ಲಿ ನೀನು ನನಗೆ ಬೆನ್ನು ಮಾಡಿ ಕುಳಿತೆ, ಬಂದವರನ್ನು ಕೂರಿಸುತ್ತಿದ್ದ ಅದೇ ಮಣೆಯ ಮೇಲೆ. ಆಸ್ಪತ್ರೆಯ ಕುಂಚ ಬ್ಯಾಗಿನಲ್ಲಿತ್ತು. ನಿನ್ನದನ್ನೇ ತೆಗೆದುಕೊಂಡೆ. ಎಡಗಡೆಯಿಂದ ಶುರು ಮಾಡಿ ಬೆನ್ನುಮೂಳೆ ದಾಟಿ ಒಂದೊಂದು ಬೆರಳು ಮುಂದಕ್ಕೆ ಬಂದೆ. ನೀನು "ಇಲ್ಲಿ" ಎಂದಾಗ ಕುಂಚ ಎತ್ತಿ ಕೆಮ್ಮಣ್ಣಿನ ಚುಕ್ಕಿ ಇಟ್ಟೆ. ಹದಿನೇಳು ಚುಕ್ಕಿ. ಅವನ್ನು ಸೇರಿಸುವಾಗ ನಿನ್ನ ಹೆಗಲು ಅಲುಗುತ್ತಿತ್ತು. ನೋಯುತ್ತಿದೆಯಾ ಎಂದು ಕೇಳಿದೆ. ನೀನು ಇಲ್ಲ ಎಂದೆ. ಆ ಜಾಗದಲ್ಲಿ ನೋವಿರಲಿಲ್ಲ ಎಂದು ನನಗೂ ಗೊತ್ತಿತ್ತು. ಗೆರೆ ಸರಿಯಾಗಿ ಕೂಡಿದೆಯೋ ಎಂದು ನೋಡುವವಳ ಹಾಗೆ ಇನ್ನಷ್ಟು ಹೊತ್ತು ಅಲ್ಲೇ ಕುಳಿತೆ.

ಮರುದಿನ ಸಾಗರದ ನನ್ನ ಹಳೆಯ ಆಸ್ಪತ್ರೆಯಲ್ಲಿ ನರ್ಸ್ ಸುಮನಾ ಅದನ್ನು ಒರೆಸಲು ಬಂದಳು. ಮೊದಲು ಅದರ ಮೇಲೆಯೇ ಪೆನ್ನಿನಲ್ಲಿ ಗುರುತು ಮಾಡು, ಆಮೇಲೆ ಒರೆಸು ಎಂದೆ. ನರದ ಬುಡಕ್ಕೆ ನಾನು ಇಂಜೆಕ್ಷನ್ ಕೊಟ್ಟದ್ದು ಆ ಗುರುತು ನೋಡಿಕೊಂಡು. ಅದು ಎಷ್ಟು ದಿನ ಹಿಡಿಯುತ್ತದೆ ಎಂದು ಹೇಳಲಾರೆ. ಇನ್ನೊಂದೆರಡು ಸಲ ಬೇಕಾಗಬಹುದು. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲ. ಕಡಿಮೆಯಾಗುತ್ತದೆ.

ದುಗ್ಗಪ್ಪನಿಗೆ ಹೇಳು: ನಾನು ಕೊಟ್ಟ ಮಾತ್ರೆಯನ್ನು ಅರ್ಧ ಮುರಿದು ಉಳಿಸಬಾರದು.

ಇಲ್ಲಿ ಕೋರ್ಸು ಮುಗಿದ ಮೇಲೆ ಉಳಿಯುತ್ತೀರಾ ಎಂದು ಕೇಳಿದ್ದಾರೆ. ಇಲ್ಲ ಎಂದಿದ್ದೇನೆ.

ನಿನ್ನ
ಸ್ವಪ್ನಾ


ಸಾಗರ
೨೦ ಜುಲೈ ೨೦೨೫

ದೊಡ್ಡಮ್ಮ,

ಎಕ್ಸ್‌ರೇ ಕೋಣೆಯ ಪಕ್ಕದ ಉಗ್ರಾಣ ಖಾಲಿ ಮಾಡಿಸಿ ಕೊಟ್ಟಿದ್ದಾರೆ. ಕಿಟಕಿ ಒಂದೇ. ಬಾಗಿಲಿಗೆ ಶಿವು ಅಂಗಡಿಯಿಂದ ಬೋರ್ಡು ಮಾಡಿಸಿ ತಂದ: 'ನೋವು ಚಿಕಿತ್ಸೆ. ಪ್ರತಿ ಮಂಗಳವಾರ'. ಮೊದಲ ವಾರ ನಾಲ್ಕು ಜನ ಬಂದರು. ಅದರಲ್ಲಿ ಇಬ್ಬರು ಎಕ್ಸ್‌ರೇಗೆ ಬಂದವರು, ಬಾಗಿಲು ತಪ್ಪಿದ್ದರು.

ಎರಡನೇ ವಾರ ಕೆರಿಯಪ್ಪ ಬಂದ. ನಾನೇ ಕಾಗದ ಬರೆದು ಕರೆಸಿದ್ದೆ. ಅವನ ಎದುರು ಕನ್ನಡಿ ಇಟ್ಟು, ಇರುವ ಕಾಲನ್ನು ಅದರಲ್ಲಿ ನೋಡುತ್ತ ಆಡಿಸಲು ಹೇಳಿಕೊಟ್ಟೆ. ಕನ್ನಡಿಯಲ್ಲಿ ಎರಡು ಕಾಲು ಕಂಡವು. ಬಹಳ ಹೊತ್ತು ನೋಡಿದ. ಆರು ಇದ್ದದ್ದು ಐದಾಯಿತು ಎಂದ. ಒಂದು ಅಂಕಿ. ಮೂರು ವರ್ಷ ಅರಿವಳಿಕೆ ಕೊಟ್ಟಾಗ ಒಮ್ಮೆಯೂ ಇಷ್ಟು ಸಂತೋಷವಾಗಿರಲಿಲ್ಲ.

ನಿನ್ನ ಮೂರನೇ ಇಂಜೆಕ್ಷನ್ ಆಗಿ ಆರು ವಾರವಾಯಿತು. ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ಆರಾಮ ಎನ್ನುತ್ತೀಯ.

ಸ್ವಪ್ನಾ


ಹೊಳೆಕೊಪ್ಪ
೧೨ ಆಗಸ್ಟ್ ೨೦೨೫, ಮಂಗಳವಾರ, ಬೆಳಿಗ್ಗೆ ಏಳು ಗಂಟೆ

ಸ್ವಪ್ನಾಳಿಗೆ,

ಈ ಚೀಟಿ ತಂದವರು ಗಣೇಶಮೂರ್ತಿ, ಮಾಸ್ತಿಕಟ್ಟೆಯ ಕಡೆಯವರು. ಎಡಗಡೆ ಸೊಂಟದ ಮೇಲೆ. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಕಂಡದ್ದಂತೆ. ಹದಿನೇಳು ಗಂಟೆ ಆಗಿದೆ. ಇನ್ನೂ ಬರೆದಿಲ್ಲ. ಭಯ ಪಟ್ಟಿದ್ದಾರೆ, ಬೈಯಬೇಡ. ಮೊದಲ ಗುಳಿಗೆ ನಿನ್ನೆದುರೇ ನುಂಗಿಸಿ ಕಳಿಸು. ವಾಪಸ್ ಬರುವಾಗ ನನ್ನ ಹತ್ತಿರ ಬರಲಿ, ಸುತ್ತ ಒಂದು ಗೆರೆ ಎಳೆದು ಕೊಡುತ್ತೇನೆ.

ಇವತ್ತು ರವಿಕೆ ಹಾಕಿಕೊಂಡಿದ್ದೇನೆ. ಹಳೆಯದು, ಮೆತ್ತಗಿನದು.

ನನ್ನದು ಮೂರು.

ಕನ್ನಮ್ಮ